ಕೆಲಸ ಮುಗಿದ ನಿಗಮ, ಮಂಡಳಿ, ಆಯೋಗ ಮುಚ್ಚಿಸೋದು ಹೆಂಗ? ಬಳ್ಳಾರಿ, ರಾಯಚೂರು, ಕೊಪ್ಪಳದ ಮಂದಿಗೆ

ಯಾವುದೋ ಒಂದು ಸರ್ಕಾರಿ ಮಂಡಳಿ ಕೆಲಸ ಇಲ್ದ ಕುಂತೈತಿ, ಬಾಡಿಗಿ, ಗಾಡಿ, ಡೀಸೆಲ್, ಗೌರವಧನ ಮಾತ್ರ ತಪ್ಪದಂಗ ಹೋಗ್ತೈತಿ, ಅದನ್ನ ಮುಚ್ಚಿಸಬೇಕು ಅಂತ ನಿಮಗ ಅನಿಸಿದ್ರ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ, ಇದು ಹುಟ್ಟಿದ್ದು ಯಾವ ಕಾಗದದ ಮ್ಯಾಲ? ವಿಧಾನಸಭಾದಾಗ ಪಾಸಾದ ಕಾಯ್ದೆಯಿಂದ ಹುಟ್ಟಿತೋ, ಬರೀ ಸರ್ಕಾರಿ ಆದೇಶದಿಂದೋ, ಕಂಪನಿ ಅಂತ ನೋಂದಣಿ ಆಗೈತೋ, ಸೊಸೈಟಿ ಅಂತಲೋ. ಹುಟ್ಟಿಸಿದ ಕಾಗದ ಯಾವುದೋ ಮುಚ್ಚೋ ಕಾಗದನೂ ಅದೇ ಜಾತಿದು ಇರಬೇಕು. ಇದು ಗೊತ್ತಿಲ್ದ ಭಾಳ ಮಂದಿ ಡಿಸಿ ಆಫೀಸಿಗೆ ಮನವಿ ಕೊಟ್ಟು ಫೋಟೋ ಹೊಡಿಸಿಕೊಂಡು ಬರ್ತಾರ, ಆ ಮನವಿ ಮುಂದ ಎಲ್ಲೂ ಹೋಗಂಗಿಲ್ಲ, ಯಾಕಂದ್ರ ಡಿಸಿಯವ್ರ ಕೈಯಾಗ ಆ ಅಧಿಕಾರನ ಇಲ್ಲ.

ಬರೀ ಆದೇಶದಿಂದ ಹುಟ್ಟಿದ್ದು ಎಲ್ಲಕ್ಕಿಂತ ಹಗುರ. ಸರ್ಕಾರ ಇನ್ನೊಂದು ಆದೇಶ ಹೊರಡಿಸಿದ್ರ ಮುಗೀತು, ಸದನಕ್ಕ ಹೋಗೋದು ಬೇಕಾಗಿಲ್ಲ. ದಿಲ್ಲಿ ಯೋಜನಾ ಆಯೋಗ ಹಂಗ ಹೋಯ್ತು ನೋಡ್ರಿ, 1950ರಾಗ ಸಂಪುಟದ ಒಂದು ನಿರ್ಣಯದಿಂದ ಬಂದಿತ್ತು, 2015ರ ಜನವರಿ 1ಕ್ಕ ಇನ್ನೊಂದು ನಿರ್ಣಯದಿಂದ ಹೋಗಿ ನೀತಿ ಆಯೋಗ ಬಂತು. ನಮ್ಮ ರಾಜ್ಯದ ಭ್ರಷ್ಟಾಚಾರ ನಿಗ್ರಹ ದಳ, ಅಂದ್ರ ಎಸಿಬಿನೂ ಮಾರ್ಚ್ 2016ರಾಗ ಸರ್ಕಾರಿ ಆದೇಶದಿಂದ ಹುಟ್ಟಿದ್ದು, ಅದನ್ನ ಮಾತ್ರ ಸರ್ಕಾರ ಮುಚ್ಚಲಿಲ್ಲ, 2022ರ ಆಗಸ್ಟ್ 11ಕ್ಕ ಹೈಕೋರ್ಟ್ ಆ ಆದೇಶನ ರದ್ದು ಮಾಡಿ ಕೇಸೆಲ್ಲಾ ಲೋಕಾಯುಕ್ತ ಪೊಲೀಸರಿಗೆ ಕೊಡ್ರಿ ಅಂತು. ಆ ಕೊನೀ ಮಾತು ನೆನಪಿಟ್ಟುಕೊಳ್ರಿ, ಸಂಸ್ಥೆ ಹೋದ್ರೂ ಅದರ ಕೈಯಾಗಿದ್ದ ಫೈಲು ಯಾರ ಕೈಗೆ ಹೋಗಬೇಕು ಅನ್ನೋದು ಹೈಕೋರ್ಟಿನ ಅದೇ ತೀರ್ಪಿನಾಗ ಇತ್ತು. ಮುಂದ ಇದೇ ಮುಖ್ಯ ಆಗ್ತೈತಿ.

ಕಂಪನಿ ಅಂತ ನೋಂದಣಿ ಆದ ನಿಗಮಗಳದ್ದು ಬ್ಯಾರೆ ದಾರಿ. ನಿಗಮದ ಹೆಸರಿನ ಕೊನೀಗೆ 'ನಿಯಮಿತ' ಅಂತ ಇದ್ರ ಅದು ಹೆಚ್ಚಾಗಿ ಕಂಪನಿ, ಸಹಕಾರ ಸಂಘದ ಹೆಸರಿನಾಗೂ ಆ ಪದ ಇರ್ತೈತಿ, ಅದಕ್ಕ ನೋಂದಣಿ ನೋಡಿಕೊಳ್ರಿ. ಕೇಂದ್ರಕ್ಕ ಯಾವ ಅಧಿಕಾರ, ರಾಜ್ಯಕ್ಕ ಯಾವುದು ಅಂತ ಹಂಚೋ ಸಂವಿಧಾನದ 7ನೇ ಅನುಸೂಚಿ ತೆಗೆದು ನೋಡಿದ್ರ ವ್ಯಾಪಾರ ಮಾಡೋ ಕಾರ್ಪೊರೇಷನ್ ಹುಟ್ಟಿಸೋದು, ಮುಚ್ಚೋದು ಕೇಂದ್ರ ಪಟ್ಟಿಯ 43ನೇ ನಮೂದಿನಾಗ ಐತಿ, ಒಂದಕ್ಕಿಂತ ಹೆಚ್ಚು ರಾಜ್ಯದಾಗ ಕೆಲಸ ಇರೋವು 44ನೇದ್ರಾಗ, ಉಳಿದವು ಮಾತ್ರ ರಾಜ್ಯ ಪಟ್ಟಿಯ 32ರಾಗ. ಹಂಗಾಗಿ ಕಂಪನಿ ಕಾಯ್ದೆ ಕೆಳಗ ನೋಂದಣಿ ಆದ ನಿಗಮನ ವಿಧಾನಸಭಾ ಒಂದು ಮಸೂದೆ ತಂದು ಕತ್ತರಿಸಾಕ ಬರಂಗಿಲ್ಲ, ರಾಜ್ಯ ಸಂಪುಟ ತೀರ್ಮಾನ ಮಾಡಬೇಕು, ಆಮೇಲೆ ಕಂಪನಿ ಕಾಯ್ದೆ 2013ರ ಪ್ರಕಾರ ಹೆಸರು ತೆಗೆಸೋದೋ, ಇಲ್ಲಾ ದಿವಾಳಿ ಸಂಹಿತೆ ಪ್ರಕಾರ ಸ್ವಯಂ ಲಿಕ್ವಿಡೇಷನ್ (ಆಸ್ತಿ ಮಾರಿ, ಸಾಲ ತೀರಿಸಿ ಮುಚ್ಚೋದು) ಮಾಡೋದೋ, ಆ ದಾರಿ ಹಿಡೀಬೇಕು. ಶಾಸಕರು ಇಲ್ಲಿ ಮಾಡಬಹುದಾದ ಕೆಲಸ ಅಂದ್ರ ಸಂಪುಟದ ಮ್ಯಾಲ ಒತ್ತಡ ಹಾಕೋದು, ಪ್ರಶ್ನೆ ಕೇಳೋದು.

ಸೊಸೈಟಿ ಅಂತ ನೋಂದಣಿ ಆಗಿರೋವು ಜಿಲ್ಲಾ ಮಟ್ಟದಾಗ ಭಾಳ ಅದಾವ, ಡಿಸಿ ಅಧ್ಯಕ್ಷತೆಯ ನಿರ್ಮಿತಿ ಕೇಂದ್ರಗಳು ಹಿಂಗ 1960ರ ಸಂಘಗಳ ನೋಂದಣಿ ಕಾಯ್ದೆ ಕೆಳಗ ಬರ್ತಾವ. ಇಂಥವನ್ನ ಮುಚ್ಚಾಕ ಸದಸ್ಯರ ಸಭೆ ನಿರ್ಣಯ, ಸರ್ಕಾರದ ಪಾಲು ಇದ್ರ ಸರ್ಕಾರದ ಒಪ್ಪಿಗೆ, ರಿಜಿಸ್ಟ್ರಾರ್ ಕಛೇರಿ ಬೇಕು.

ಇನ್ನ ಕಾಯ್ದೆಯಿಂದ ಹುಟ್ಟಿದವು. ನಾನು ಇಲ್ಲಿ ಹೆಚ್ಚು ಹೇಳೋದು ಇವುಗಳ ಬಗ್ಗೆ, ಯಾಕಂದ್ರ ಇವನ್ನ ಮುಚ್ಚಾಕ ನಿರಸನ ಮಸೂದೆ ಬೇಕು, ಅಂದ್ರ ಹಳೇ ಕಾಯ್ದೆನ ರದ್ದು ಮಾಡೋ ಹೊಸ ಕಾಯ್ದೆ. ಇದೇನು ನಮ್ಮ ರಾಜ್ಯಕ್ಕ ಹೊಸದಲ್ಲ. ವಯಸ್ಸಾದೋರನ್ನ ಕೇಳಿದ್ರ 'ತಾಲೂಕ್ ಬೋರ್ಡ್' ಅಂತ ಹೇಳ್ತಾರಲ್ಲ, 1959ರ ಕಾಯ್ದೆ ಪ್ರಕಾರ ಇದ್ದ ಆ ಬೋರ್ಡ್‌ಗಳು 1983ರ ಜಿಲ್ಲಾ ಪರಿಷತ್, ಮಂಡಲ ಪಂಚಾಯ್ತಿ ಕಾಯ್ದೆ ಬಂದ ಮ್ಯಾಲ ಹೋದ್ವು, ಆ ಜಿಲ್ಲಾ ಪರಿಷತ್ ವ್ಯವಸ್ಥಾನೂ 1993ರ ಪಂಚಾಯತ್ ರಾಜ್ ಕಾಯ್ದೆ ಬಂದಾಗ ಹೋಯ್ತು. ರಸ್ತಾ, ಶಾಲೆ, ಬಾವಿ ಕೆಲಸ ನಿಲ್ಲಲಿಲ್ಲ, ಕೆಲಸಕ್ಕ ವಾರಸುದಾರ ಯಾರು ಅಂತ ಹೊಸ ಕಾಯ್ದೆಯೊಳಗನ ಬರೆದಿತ್ತು.

ಮುಟ್ಟಾಕ ಬರದವು ಯಾವುವು ಅಂತನೂ ಮೊದಲೇ ತಿಳ್ಕೊಂಡಿದ್ರ ವರ್ಷಗಟ್ಟಲೆ ಓಡಾಟ ಉಳಿತೈತಿ. ನಮ್ಮ ಕಡೆ ಕಾಲುವೆಗೆ ನೀರು ಬರದೇ ಇದ್ದಾಗೆಲ್ಲಾ ಸಿಂಧನೂರು, ಮಾನ್ವಿ, ಸಿರುಗುಪ್ಪ ಕಡೆಯಿಂದ 'ತುಂಗಭದ್ರಾ ಬೋರ್ಡ್ ರದ್ದು ಮಾಡ್ರಿ' ಅನ್ನೋ ಕೂಗು ಏಳ್ತೈತಿ. ಕಾಲುವೆ ಕೊನೀ ಭಾಗದ (ಟೇಲ್ ಎಂಡ್) ರೈತರ ಸಿಟ್ಟು ನನಗ ಅರ್ಥ ಆಗ್ತೈತಿ, ಆದ್ರ ಟಿಬಿ ಬೋರ್ಡ್ ಬಂದಿದ್ದು 1953ರ ಆಂಧ್ರ ರಾಜ್ಯ ಕಾಯ್ದೆಯ 66ನೇ ಸೆಕ್ಷನ್‌ನಿಂದ, ಅದು ಸಂಸತ್ತಿನ ಕಾಯ್ದೆ, ನಮ್ಮ ವಿಧಾನಸಭಾ ಸರ್ವಾನುಮತದಿಂದ ಮಸೂದೆ ಪಾಸ್ ಮಾಡಿದ್ರೂ ಅದಕ್ಕ ಏನೂ ಆಗಂಗಿಲ್ಲ. ಹಂಗ ಕೆಪಿಎಸ್‌ಸಿ, ರಾಜ್ಯ ಚುನಾವಣಾ ಆಯೋಗ, ರಾಜ್ಯ ಹಣಕಾಸು ಆಯೋಗ ಸಂವಿಧಾನದಾಗ ಅದಾವ. ಮಾಲಿನ್ಯ ನಿಯಂತ್ರಣ ಮಂಡಳಿ 1974ರ ಜಲ ಕಾಯ್ದೆಯಿಂದ, ಮಾಹಿತಿ ಆಯೋಗ 2005ರ ಆರ್‌ಟಿಐ ಕಾಯ್ದೆಯಿಂದ, ಆಹಾರ ಆಯೋಗ 2013ರ ಆಹಾರ ಭದ್ರತಾ ಕಾಯ್ದೆಯಿಂದ ಬಂದಾವ, ರಾಜ್ಯ ಇವನ್ನ ಇಟ್ಟುಕೊಳ್ಳಲೇಬೇಕು.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ (ಕೆಕೆಆರ್‌ಡಿಬಿ) ಬಗ್ಗೆ ಒಂದೀಟು ಬಿಡಿಸಿ ಹೇಳ್ತೀನಿ, ಯಾಕಂದ್ರ ಇದರಾಗ ಗೊಂದಲ ಭಾಳ ಐತಿ. ಮೊದಲು ಇದ್ದಿದ್ದು ಹೈದರಾಬಾದ್ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಅದು 1991ರ ರಾಜ್ಯ ಕಾಯ್ದೆಯಿಂದ ಬಂದಿದ್ದು. ಆಮೇಲೆ ಸಂವಿಧಾನದ 98ನೇ ತಿದ್ದುಪಡಿಯಿಂದ ನಮ್ಮ ಭಾಗಕ್ಕ ವಿಶೇಷ ಸೌಲಭ್ಯ ಕೊಡೋ 371ಜೆ ವಿಧಿ ಬಂತು, 2013ರಾಗ ಅದರ ಆಧಾರದ ಮ್ಯಾಲ ಹೊಸ ಮಂಡಳಿ ಆಯ್ತು, 2019ರಾಗ ಪ್ರದೇಶದ ಹೆಸರು ಕಲ್ಯಾಣ ಕರ್ನಾಟಕ ಅಂತ ಆದ ಮ್ಯಾಲ ಮಂಡಳಿ ಹೆಸರೂ ಬದಲಾಯ್ತು. ಕೆಲಸ ಹೆಚ್ಚು ಕಡಿಮಿ ಅದೇ, ಕಚೇರಿ ಕಲಬುರಗಿಯಾಗನ, ಆದ್ರ ಬುನಾದಿ ಬದಲಾಯ್ತು. ಮೊದಲನೇದನ್ನ ವಿಧಾನಸಭಾ ತನ್ನ ಕಾಯ್ದೆಯಿಂದ ತೆಗೀಬಹುದಿತ್ತು, ಈಗಿನದನ್ನ ತೆಗೆಯಾಕ ಬರಂಗಿಲ್ಲ, ಅದು 371ಜೆ ಕೆಳಗಿನ ರಾಷ್ಟ್ರಪತಿ ಆದೇಶದ ಮ್ಯಾಲ ನಿಂತೈತಿ. ಯಾರಾದ್ರೂ 'ಕೆಕೆಆರ್‌ಡಿಬಿ ಮುಚ್ಚಿ ಹಣ ಇಲಾಖೆಗಳಿಗೆ ಕೊಟ್ಟುಬಿಡ್ರಿ' ಅಂದ್ರ ಒಪ್ಪಬ್ಯಾಡ್ರಿ. ಅದರ ಕೆಲಸ ಸರಿ ಇಲ್ಲ ಅನಿಸಿದ್ರ 371ಜೆ ಒಳಗನ ದಾರಿ ಐತಿ: ಮಂಡಳಿ ಕೆಲಸದ ವರದಿ ಪ್ರತಿ ವರ್ಷ ವಿಧಾನಸಭಾ ಮುಂದ ಇಡಬೇಕು ಅಂತ ಐತಿ, ಆ ವರದಿ ಇಟ್ಟಾರೋ ಇಲ್ಲೋ ಕೇಳಿಸ್ರಿ.

ಸತ್ತೈತೋ, ಉಪವಾಸ ಕೆಡವ್ಯಾರೋ

ಈ ಪರೀಕ್ಷೆ ಮಾಡದ ಯಾವ ಮಂಡಳಿ ಮ್ಯಾಲೂ ಕೈ ಹಾಕಬ್ಯಾಡ್ರಿ, ನನ್ನ ಪ್ರಕಾರ ಇಡೀ ಕೆಲಸದಾಗ ಇದಕ್ಕಿಂತ ದೊಡ್ಡದು ಯಾವುದೂ ಇಲ್ಲ. ಒಂದು ಆಯೋಗ ವರ್ಷದಿಂದ ಸಭೆ ಮಾಡಿಲ್ಲ, ಅಧ್ಯಕ್ಷರ ಕುರ್ಚಿ ಖಾಲಿ ಐತಿ, ದೂರು ಕೊಟ್ರ ಉತ್ತರ ಬರಂಗಿಲ್ಲ ಅಂದ ಮಾತ್ರಕ್ಕ ಅದು ಬ್ಯಾಡಾದ ಸಂಸ್ಥೆ ಅಂತ ಆಗಂಗಿಲ್ಲ. ಸರ್ಕಾರನ ನೇಮಕ ಮಾಡದ, ಸಿಬ್ಬಂದಿ ಕೊಡದ, ಅನುದಾನ ಕೊಡದ ಬಿಟ್ಟಿರಬಹುದು. ಮಹಿಳಾ ಆಯೋಗ 1995ರ ರಾಜ್ಯ ಕಾಯ್ದೆಯಿಂದ ಬಂದಿದ್ದು, ಪರಿಶಿಷ್ಟ ಜಾತಿ, ಪಂಗಡಗಳ ಆಯೋಗ 2002ರ ಕಾಯ್ದೆಯಿಂದ ಬಂದಿದ್ದು, ಇವನ್ನ ವಿಧಾನಸಭಾ ರದ್ದು ಮಾಡಾಕ ಬರ್ತೈತಿ ಅಂತ ಕಾನೂನು ಹೇಳಿದ್ರೂ ನಮ್ಮ ಜಿಲ್ಲೆಗಳಾಗ ಇವುಗಳ ಕೆಲಸ ಮುಗಿದೈತಿ ಅಂತ ಹೇಳೋ ಧೈರ್ಯ ಯಾರಿಗೈತಿ? ಅಂಥಾ ಕಡೆ ಕೇಳಬೇಕಾದ್ದು ನೇಮಕಾತಿ.

ನಿಜವಾಗಿ ಕೆಲಸ ಮುಗಿದಿದ್ದು ಅಂದ್ರ ಹೆಂಗಿರ್ತೈತಿ ಅಂದ್ರ, ಯಾವ ಉದ್ದೇಶಕ್ಕ ಮಾಡಿದ್ರೋ ಅದು ಪೂರೈಸಿರ್ತೈತಿ, ಇಲ್ಲಾ ಅದೇ ಕೆಲಸನ ಇನ್ನೊಂದು ಇಲಾಖೆ ಮಾಡ್ತಿರ್ತೈತಿ ಮತ್ತ ಫಲಾನುಭವಿಗಳು ಅಲ್ಲೇ ಹೋಗ್ತಿರ್ತಾರ, ಇಲ್ಲಾ ಆ ಧಂದಾನ ಊರಾಗ ಉಳಿದಿರಂಗಿಲ್ಲ. ಕೇಂದ್ರ ಸರ್ಕಾರ 2020ರಾಗ ಅಖಿಲ ಭಾರತ ಕೈಮಗ್ಗ ಮಂಡಳಿ, ಕರಕುಶಲ ಮಂಡಳಿ ಎರಡನ್ನೂ ತೆಗೀತು, ಅವು ಸಲಹೆ ಕೊಡೋ ಮಂಡಳಿಗಳು, ಸ್ಕೀಮ್ ನಡೆಸೋವ್ರು ಬ್ಯಾರೆ ಇದ್ರು, ಸ್ಕೀಮ್ ನಡೀತಾನ ಅದಾವ. ಅವಾಗ ನೇಕಾರರ ಪರ ಇದ್ದೋರು 'ನಮ್ಮ ಮಾತು ಹೇಳಾಕ ಇದ್ದ ಒಂದೇ ಕುರ್ಚಿ ಹೋಯ್ತು' ಅಂತ ಬ್ಯಾಸರ ಮಾಡ್ಕೊಂಡ್ರು, ಆ ಮಾತಿನಾಗೂ ತೂಕ ಐತಿ. ಇಳಕಲ್ ಸೀರೆ ನೇಯೋ ಕುಷ್ಟಗಿ ಕಡೆಯ ದೋಟಿಹಾಳದಂಥ ಊರಿನವ್ರನ್ನ ಕೇಳದ ಕೈಮಗ್ಗಕ್ಕ ಸಂಬಂಧಪಟ್ಟ ಮಂಡಳಿ ಮುಚ್ಚೋ ಮಾತು ಆಡಬಾರದು.

ನಮ್ಮ ಭಾಗಕ್ಕ ಇನ್ನೊಂದು ಎಚ್ಚರ. ದೇವದಾಸಿ ಪುನರ್ವಸತಿ ಯೋಜನೆ ನಡೆಯೋದು ಮಹಿಳಾ ಅಭಿವೃದ್ಧಿ ನಿಗಮದ ಮುಖಾಂತರ. ಗಂಗಾ ಕಲ್ಯಾಣ ಬೋರ್‌ವೆಲ್ ಬರೋದು ಅಂಬೇಡ್ಕರ್, ವಾಲ್ಮೀಕಿ ಇಂಥಾ ಅಭಿವೃದ್ಧಿ ನಿಗಮಗಳಿಂದ. 2024ರಾಗ ವಾಲ್ಮೀಕಿ ನಿಗಮದ ಖಾತೆಯಿಂದ ಹಣ ಬ್ಯಾರೆ ಕಡೆ ಹೋದ ಪ್ರಕರಣ ಹೊರಗ ಬಂದಾಗ ಬಳ್ಳಾರಿ ಕಡೆ ಎಷ್ಟು ಮಂದಿ ಉರಿದುಬಿದ್ರು ನೋಡಿದೀವಿ. ಅದಕ್ಕ ಮದ್ದು ನಿಗಮ ಮುಚ್ಚೋದಲ್ರಿ, ಲೆಕ್ಕ ಪರಿಶೋಧನೆ, ಬ್ಯಾಂಕ್ ಖಾತೆ ಮ್ಯಾಲ ಕಣ್ಣು, ಕೋರ್ಟು. ಅಲ್ಲಿ ಸಾಲ ಸಿಗಬೇಕಾದ ನಾಯಕ ಸಮಾಜದ ಹುಡುಗನಿಗೆ ನಿಗಮ ಬೇಕೇ ಬೇಕು.

ಮುಚ್ಚಿದ ಮ್ಯಾಲ ಯಾವ ಕೌಶಲ್ಯ ಹೋಗ್ತೈತಿ ಅಂತನೂ ನೋಡಬೇಕು. ಹೊಸಪೇಟೆ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಅಣೆಕಟ್ಟಿನ ಗೇಟ್ ಮಾಡೋ ಕೇಂದ್ರ ಸರ್ಕಾರಿ ಕಂಪನಿ, ನಷ್ಟದಾಗಿತ್ತು, ಡಿಸೆಂಬರ್ 2015ರಾಗ ಕೇಂದ್ರ ಸಂಪುಟ ಮುಚ್ಚಾಕ ಒಪ್ಪಿತು. ಆಗಸ್ಟ್ 2024ರಾಗ ತುಂಗಭದ್ರಾ ಡ್ಯಾಮಿನ 19ನೇ ಕ್ರೆಸ್ಟ್ ಗೇಟಿನ (ಮ್ಯಾಲಿನ ನೀರು ಬಿಡೋ ಗೇಟು) ಚೈನ್ ಹರಿದು ಗೇಟ್ ಕೊಚ್ಚಿ ಹೋದಾಗ ಹರಿಯೋ ನೀರಾಗ ಸ್ಟಾಪ್‌ಲಾಗ್ (ನೀರು ತಡೆಯೋ ತಾತ್ಕಾಲಿಕ ಗೇಟಿನ ತುಂಡು) ಇಳಿಸಾಕ ಹೊರಗಿನಿಂದ ತಜ್ಞರನ್ನ ಕರೆಸಿ, ಸುತ್ತಮುತ್ತ ಇದ್ದ ಫ್ಯಾಕ್ಟರಿ, ವರ್ಕ್‌ಶಾಪ್‌ಗಳಾಗ ರಾತ್ರಿ ಹಗಲು ತಯಾರು ಮಾಡಬೇಕಾಯ್ತು. ಕಂಪನಿ ಮುಚ್ಚಿದ್ದಕ್ಕ ಗೇಟ್ ಹೋಯ್ತು ಅಂತ ನಾನು ಹೇಳಂಗಿಲ್ಲ, ಹಂಗ ಹೇಳಾಕ ಆಧಾರ ಇಲ್ಲ. ಆದ್ರ ಡ್ಯಾಮಿನ ಕಾಲಬುಡದಾಗ ಗೇಟ್ ಕೆಲಸ ಬಲ್ಲ ಒಂದು ಸಂಸ್ಥೆ ಇತ್ತು, ಅದು ಹೋಗೋವಾಗ 'ಮುಂದ ಈ ಕೆಲಸ ಯಾರು ನೋಡ್ತಾರ' ಅನ್ನೋ ಪ್ರಶ್ನೆ ನಮ್ಮೂರಾಗ ಯಾರೂ ಗಟ್ಟಿಯಾಗಿ ಕೇಳಲಿಲ್ಲ.

ಕಾಗದ ಕೂಡಿಸೋದು

ಪರೀಕ್ಷೆ ಆದ ಮ್ಯಾಲನೂ ಇದು ಮುಚ್ಚಬೇಕಾದ್ದೇ ಅನಿಸಿದ್ರ ಕಾಗದ ಕೂಡಿಸ್ರಿ. ಹುಟ್ಟಿದ ಕಾಯ್ದೆ ಸಿಗೋದು ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆ ವೆಬ್‌ಸೈಟಿನಾಗ, ಅಧಿಸೂಚನೆಗಳು ಇ-ರಾಜ್ಯಪತ್ರದಾಗ. ಕಂಪನಿ ಆಗಿದ್ರ ಕಂಪನಿ ವ್ಯವಹಾರಗಳ ಸಚಿವಾಲಯದ ಸೈಟಿನಾಗ ಹೆಸರು ಹಾಕಿದ್ರ ಅದರ ಸ್ಥಿತಿ ಪುಕ್ಕಟೆ ಕಾಣ್ತೈತಿ, ಕೊನೀ ಸಲ ಬ್ಯಾಲೆನ್ಸ್ ಶೀಟ್ ಯಾವ ವರ್ಷದ್ದು ಕೊಟ್ಟಾರ ಅಂತ ನೋಡಿದ್ರನ ಅರ್ಧ ಕಥಿ ತಿಳಿತೈತಿ. ಸರ್ಕಾರದ ಲೆಕ್ಕ ತಪಾಸಣೆ ಮಾಡೋ ಸಿಎಜಿ ವರದಿಗಳಾಗ ರಾಜ್ಯದ ಸಾರ್ವಜನಿಕ ಉದ್ಯಮಗಳಾಗ ಕೆಲಸ ನಡೆಯೋವು ಯಾವು, ನಿಂತಿರೋವು ಯಾವು, ಲೆಕ್ಕ ಎಷ್ಟು ವರ್ಷದಿಂದ ಬಾಕಿ ಅಂತ ಪಟ್ಟಿನ ಇರ್ತೈತಿ, ಇದನ್ನ ಓದೋರು ಕಡಿಮಿ, ಓದ್ರಿ. ಹಂಗ ರಾಜ್ಯದ ಆಡಳಿತ ಸುಧಾರಣಾ ಆಯೋಗ-2 ಕೆಲವು ನಿಗಮ ಮುಚ್ಚಬೇಕು, ಕೆಲವು ವಿಲೀನ ಮಾಡಬೇಕು ಅಂತ ಶಿಫಾರಸು ಮಾಡೈತಿ. ನೀವು ಹಿಡಿದ ಮಂಡಳಿ ಆ ವರದಿಯಾಗ ಇದ್ರ ಅದರ ಪುಟದ ಜೆರಾಕ್ಸ್ ನಿಮ್ಮ ಮನವಿಗೆ ಹಚ್ರಿ, ಸರ್ಕಾರ ತಾನೇ ನೇಮಿಸಿದ ಆಯೋಗದ ಮಾತನ್ನ ತಳ್ಳಿಹಾಕೋದು ಕಷ್ಟ.

ಉಳಿದಿದ್ದಕ್ಕ ಆರ್‌ಟಿಐ. ಆರ್‌ಟಿಐ ಕಾಯ್ದೆಯ 4(1)(ಬಿ) ಒಳಗ 8ನೇ ಬಾಬ್ತು ಅಂತ ಐತಿ, ಪ್ರತಿಯೊಂದು ಇಲಾಖೆನೂ ತನ್ನ ಕೆಳಗಿನ ಮಂಡಳಿ, ಸಮಿತಿಗಳ ಪಟ್ಟಿ, ಅವುಗಳ ಸಭೆ ಜನರಿಗೆ ತೆರೆದೈತೋ, ನಡಾವಳಿ ಸಿಗ್ತೈತೋ ಅಂತ ಯಾರೂ ಕೇಳದನ ಪ್ರಕಟಿಸಬೇಕು. ಮೊದಲು ಅದನ್ನ ಹುಡುಕ್ರಿ, ಸಿಗದಿದ್ರ ಅರ್ಜಿ ಹಾಕ್ರಿ. ನಮ್ಮ ರಾಜ್ಯದ ನಿಯಮದಾಗ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ ಐತಿ, ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದೋರಿಗೆ ಶುಲ್ಕ ಇಲ್ಲ. ಉದ್ದನ್ನ ಸಿಟ್ಟಿನ ಅರ್ಜಿ ಬರೆದ್ರ ಅದೇ ನೆಪ ಹೇಳಿ ವಾಪಸ್ ಕಳಿಸ್ತಾರ, ಹಿಂಗ ಬರೀರಿ:

"ತಮ್ಮ ಮಂಡಳಿಯ ಕಳೆದ 5 ಆರ್ಥಿಕ ವರ್ಷಗಳ ಕಾರ್ಯನಿರ್ವಹಣೆಗೆ ಸಂಬಂಧಿಸಿದಂತೆ ಈ ಕೆಳಗಿನ ದಾಖಲೆಗಳ ದೃಢೀಕೃತ ಪ್ರತಿಗಳನ್ನು ನೀಡಲು ಕೋರಿದೆ: ನಡೆದ ಸಭೆಗಳ ದಿನಾಂಕ ಮತ್ತು ನಡಾವಳಿಗಳು, ಮಂಜೂರಾದ, ಭರ್ತಿಯಾದ ಮತ್ತು ಖಾಲಿ ಇರುವ ಹುದ್ದೆಗಳ ವಿವರ, ವೇತನ, ಬಾಡಿಗೆ, ವಾಹನ ಮತ್ತು ಯೋಜನೆಗಳಿಗೆ ಮಾಡಿದ ವೆಚ್ಚದ ಪ್ರತ್ಯೇಕ ವಿವರ, ವರ್ಷವಾರು ಫಲಾನುಭವಿಗಳ ಸಂಖ್ಯೆ, ಬ್ಯಾಂಕ್ ಖಾತೆ ಮತ್ತು ಠೇವಣಿಗಳಲ್ಲಿನ ಶಿಲ್ಕು, ಮಂಡಳಿಯ ಹೆಸರಿನಲ್ಲಿರುವ ಜಮೀನು, ಕಟ್ಟಡಗಳ ಪಟ್ಟಿ."

30 ದಿನದಾಗ ಉತ್ತರ ಬರಬೇಕು. ಬರಲಿಲ್ಲ ಅಂದ್ರ 30 ದಿನದೊಳಗ ಮೊದಲ ಮೇಲ್ಮನವಿ, ಅಲ್ಲೂ ಆಗಲಿಲ್ಲ ಅಂದ್ರ 90 ದಿನದೊಳಗ ಮಾಹಿತಿ ಆಯೋಗ, ನಮ್ಮ ಭಾಗಕ್ಕ ಕಲಬುರಗಿ ಪೀಠ ಐತಿ. ಉತ್ತರ ಕೈಗೆ ಬಂದ ಮ್ಯಾಲ ಯೋಜನೆಗೆ ಮಾಡಿದ ಖರ್ಚು ಒಂದು ಕಡೆ, ಸಂಬಳ, ಬಾಡಿಗಿ, ಗಾಡಿ ಖರ್ಚು ಇನ್ನೊಂದು ಕಡೆ ಬರೆದು ನೋಡ್ರಿ. ಯೋಜನೆ ಕಾಲಂನಾಗ ಸೊನ್ನೆ, ಸಭೆ ನಡಾವಳಿಯಾಗ 'ಮುಂದೂಡಲಾಯಿತು', ಗಾಡಿ ಖರ್ಚು ಮಾತ್ರ ವರ್ಷಾ ಏರ್ತಿದ್ರ ನಿಮ್ಮ ವಾದ ಅಲ್ಲೇ ಸಿದ್ಧ.

ಮಸೂದೆ ಒಳಗ ಏನಿರಬೇಕು

ಬರೀ 'ರದ್ದು ಮಾಡ್ರಿ' ಅಂತ ಬರೆದ ಮನವಿನ ಇಲಾಖೆ ಪಕ್ಕಕ್ಕಿಡ್ತೈತಿ. ಒಂದು ಕರಡು ಜೊತಿಗೆ ಕೊಟ್ರ ಕನಿಷ್ಠ ಕಾನೂನು ಶಾಖೆಯವ್ರು ಓದ್ತಾರ. ಕರಡು ದೊಡ್ಡದೇನೂ ಇರಬೇಕಾಗಿಲ್ಲ, ಎರಡು ಪುಟ ಸಾಕು, ಹೆಸರು, ಜಾರಿ ದಿನಾಂಕ, ಮೂಲ ಕಾಯ್ದೆಯ ನಿರಸನ, ಆಸ್ತಿ ಮತ್ತು ಹೊಣೆ, ಸಿಬ್ಬಂದಿ, ಬಾಕಿ ಪ್ರಕರಣ, ಬ್ಯಾರೆ ಕಾಯ್ದೆಗಳಾಗ ಆಗಬೇಕಾದ ತಿದ್ದುಪಡಿ, ತೊಡಕು ನಿವಾರಣೆ. ಕರ್ನಾಟಕ ಜನರಲ್ ಕ್ಲಾಸಸ್ ಕಾಯ್ದೆ 1899ರ 6ನೇ ಸೆಕ್ಷನ್ ಇರೋದ್ರಿಂದ ಹಳೇ ಕಾಯ್ದೆ ರದ್ದಾದ್ರೂ ಅದರ ಕೆಳಗ ಆಗಲೇ ಬಂದ ಹಕ್ಕು, ಹೊಣೆ, ಹೂಡಿದ ದಾವೆ ತಾವಾಗೇ ಸಾಯಂಗಿಲ್ಲ, ಆದ್ರೂ ಅದರ ಮ್ಯಾಲ ಮಾತ್ರ ಭಾರ ಹಾಕಬ್ಯಾಡ್ರಿ, ಯಾರು ಉತ್ತರಾಧಿಕಾರಿ ಅಂತ ಹೆಸರು ಹಾಕಿ ಬರೀಬೇಕು.

ಯಾಕಂತೀರಾ, ಕೆಇಬಿ ಕಥಿ ನೋಡ್ರಿ. 1957ರಿಂದ ಇದ್ದ ವಿದ್ಯುಚ್ಛಕ್ತಿ ಮಂಡಳಿ 1999ರ ಸುಧಾರಣಾ ಕಾಯ್ದೆಯಿಂದ ಹೋಗಿ ಕೆಪಿಟಿಸಿಎಲ್ ಅನ್ನೋ ಕಂಪನಿ ಆಯ್ತು, 2002ರಾಗ ಎಸ್ಕಾಂಗಳು, ಅಂದ್ರ ಕರೆಂಟ್ ಹಂಚೋ ಕಂಪನಿಗಳು ಬಂದು ನಮ್ಮ ಪಾಲಿಗೆ ಜೆಸ್ಕಾಂ ಆಯ್ತು. ಲೈನ್‌ಮನ್‌ಗಳ ನೌಕರಿ ಉಳೀತು, ಪಿಂಚಣಿಗೆ ಒಂದು ಟ್ರಸ್ಟ್ ಮಾಡಿದ್ರು, ಇಷ್ಟೆಲ್ಲಾ ಚಲೋ ಆಯ್ತು, ಜನ ಇವತ್ತಿಗೂ ಕೆಇಬಿ ಅಂತನ ಕರೀತಾರ. ಆದ್ರ ಆ ಪಿಂಚಣಿಗೆ ಸರ್ಕಾರದ ಪಾಲಿನ ಹಣ ಯಾರು ಕಟ್ಟಬೇಕು ಅನ್ನೋ ತಕರಾರು ವರ್ಷಗಟ್ಟಲೆ ಎಳೆದು, ಕೊನೀಗೆ ಏಪ್ರಿಲ್ 2025ರಿಂದ ಕರೆಂಟ್ ಬಿಲ್‌ನಾಗ ಯೂನಿಟ್‌ಗೆ 36 ಪೈಸೆ ಪಿಂಚಣಿ-ಗ್ರಾಚ್ಯುಟಿ ಸರ್ಚಾರ್ಜ್ ಅಂತ ಕೂಡ್ತು. 1999ರಾಗ ಮುಚ್ಚಿದ ಬೋರ್ಡಿನ ಬಾಕಿ 2025ರಾಗ ರಾಯಚೂರಿನ ಹತ್ತಿ ಮಿಲ್ಲಿನವನೂ, ಗಂಗಾವತಿಯ ರೈಸ್ ಮಿಲ್ಲಿನವನೂ, ಕಿರಾಣಿ ಅಂಗಡಿಯವನೂ ಕಟ್ಟಬೇಕಾಯ್ತು. ಹೊಣೆ ಯಾರದು ಅನ್ನೋ ಒಂದು ಸಾಲು ಗಟ್ಟಿ ಇರಲಿಲ್ಲ ಅಂದ್ರ ಅದು ಮುಂದಿನ ತಲೆಮಾರಿನ ಹೆಗಲಿಗೆ ಬರ್ತೈತಿ, ಇದಕ್ಕಿಂತ ಚಲೋ ಉದಾಹರಣೆ ನನಗ ಕಾಣಂಗಿಲ್ಲ.

ಹಂಗಾಗಿ ಈ ತರ ಬರೀರಿ, ಖಾಲಿ ಜಾಗದಾಗ ನಿಮ್ಮ ಮಂಡಳಿ, ಇಲಾಖೆ ಹೆಸರು ಹಾಕ್ರಿ:

"ನಿಗದಿತ ದಿನದಿಂದ …… ಮಂಡಳಿಯು ವಿಸರ್ಜನೆಗೊಂಡು, ಅದರ ಎಲ್ಲಾ ಆಸ್ತಿ, ಹಕ್ಕು, ಠೇವಣಿ ಮತ್ತು ದಾಖಲೆಗಳು …… ಇಲಾಖೆಗೆ ವರ್ಗಾವಣೆಯಾಗತಕ್ಕದ್ದು. ಮಂಡಳಿಯ ಎಲ್ಲಾ ಸಾಲ ಮತ್ತು ಹೊಣೆಗಳನ್ನು, ನೌಕರರ ಪಿಂಚಣಿ ಮತ್ತು ಉಪದಾನವೂ ಸೇರಿದಂತೆ, ರಾಜ್ಯ ಸರ್ಕಾರವೇ ಭರಿಸತಕ್ಕದ್ದು."

"ನಿಗದಿತ ದಿನದಂದು ಮಂಡಳಿಯ ಸೇವೆಯಲ್ಲಿದ್ದ ಕಾಯಂ ನೌಕರರನ್ನು ಅವರ ವೇತನ ಮತ್ತು ಸೇವಾ ಹಿರಿತನಕ್ಕೆ ಬಾಧಕವಾಗದಂತೆ ಸದರಿ ಇಲಾಖೆಯಲ್ಲಿ ವಿಲೀನಗೊಳಿಸತಕ್ಕದ್ದು, ಸಂವಿಧಾನದ 371ಜೆ ಅನುಚ್ಛೇದದನ್ವಯ ಸ್ಥಳೀಯ ವೃಂದದಲ್ಲಿ ನೇಮಕಗೊಂಡವರನ್ನು ಸ್ಥಳೀಯ ವೃಂದದಲ್ಲಿಯೇ ಮುಂದುವರಿಸತಕ್ಕದ್ದು."

ಈ ಎರಡನೇದು ನಮ್ಮ ಜಿಲ್ಲೆಗಳ ಮಸೂದೆಯಾಗ ಮರೀಬಾರದು. ವಿಲೀನ ಅನ್ನೋ ಹೆಸರಿನಾಗ ನಮ್ಮ ಭಾಗದ ಹುದ್ದೆ ಬೆಂಗಳೂರಿನ ಪಟ್ಟಿಗೆ ಹೋದ್ರ ವಾಪಸ್ ತರೋದು ಭಾಳ ಕಷ್ಟ. ಹೊರಗುತ್ತಿಗೆ ಮ್ಯಾಲ ಇರೋ ಡ್ರೈವರ್, ಡಾಟಾ ಎಂಟ್ರಿ ಹುಡುಗರು, ಕಸ ಹೊಡಿಯೋ ಹೆಣ್ಣುಮಕ್ಕಳು, ಇವ್ರ ಬಗ್ಗೆ ಯಾವ ಮಸೂದೆನೂ ಮಾತಾಡಂಗಿಲ್ಲ, ಬಾಕಿ ಪಗಾರ, ಪಿಎಫ್ ಆದ್ರೂ ಮುಚ್ಚೋ ದಿನದೊಳಗ ಚುಕ್ತಾ ಆಗಬೇಕು ಅಂತ ಒಂದು ಸಾಲು ಸೇರಿಸ್ರಿ. ಜಾಗ ಇದ್ರ ಅದು ಅದೇ ತಾಲೂಕಿನ ಶಾಲೆ, ಹಾಸ್ಟೆಲ್, ಆಸ್ಪತ್ರೆಗೆ ಮೊದಲು ಹೋಗಬೇಕು ಅಂತನೂ ಸೇರಿಸ್ರಿ, ಪೇಟೆ ನಡುವಿನ ಸರ್ಕಾರಿ ಜಾಗದ ಮ್ಯಾಲ ಯಾರ ಕಣ್ಣು ಇರ್ತೈತಿ ಅಂತ ಹೇಳಬೇಕಾಗಿಲ್ಲ.

ಜಾರಿ ದಿನಾಂಕದ ಕಡೆ ಗಮನ ಇರಲಿ. 'ಸರ್ಕಾರ ಅಧಿಸೂಚಿಸುವ ದಿನದಿಂದ ಜಾರಿಗೆ ಬರತಕ್ಕದ್ದು' ಅಂತ ಬರೆದುಬಿಟ್ರ, ಮಸೂದೆ ಪಾಸಾಗಿ ರಾಜ್ಯಪಾಲರ ಅಂಕಿತ ಬಿದ್ದರೂ ಆ ಅಧಿಸೂಚನೆ ಬರೋ ತನಕ ಮಂಡಳಿ ಜೀವಂತನ ಇರ್ತೈತಿ. 'ಪ್ರಕಟಣೆಯ ದಿನದಿಂದ 90 ದಿನಗಳ ತರುವಾಯ' ಅಂತ ಗಟ್ಟಿ ದಿನ ಹಾಕಿಸ್ರಿ.

ಯಾರ ಹತ್ರ ಹೋಗಬೇಕು

ಬಳ್ಳಾರಿ, ಕೊಪ್ಪಳದಾಗ 5-5, ರಾಯಚೂರಿನಾಗ 7, ಕೂಡಿ 17 ಶಾಸಕರು ನಮ್ಮವ್ರು. ವಿಧಾನ ಪರಿಷತ್ತಿನಾಗ ಈಶಾನ್ಯ ಪದವೀಧರ, ಶಿಕ್ಷಕರ ಕ್ಷೇತ್ರದವ್ರು, ಸ್ಥಳೀಯ ಸಂಸ್ಥೆಗಳಿಂದ ಹೋದವ್ರೂ ಅದಾರ, ಜನ ಇವ್ರನ್ನ ಮರ್ತುಬಿಡ್ತಾರ, ಪ್ರಶ್ನೆ ಕೇಳಾಕ ಇವ್ರನ್ನ ಹಿಡೀರಿ. ಒಂದು ಮಾತು ಮೊದಲೇ ತಿಳಿದಿರಲಿ, ನಿಗಮ-ಮಂಡಳಿ ಅಧ್ಯಕ್ಷಗಿರಿ ಅಂದ್ರ ಮಂತ್ರಿ ಆಗದವ್ರಿಗೆ ಕೊಡೋ ಸಮಾಧಾನ, ಜನವರಿ 2024ರಾಗ 30ಕ್ಕೂ ಹೆಚ್ಚು ಶಾಸಕರಿಗೆ ಒಟ್ಟಿಗೆ ಕೊಟ್ರು, ಇದು ಒಂದೇ ಪಕ್ಷದ ಪದ್ಧತಿ ಅಲ್ಲ, ಯಾರು ಬಂದ್ರೂ ಮಾಡ್ಯಾರ. ಲಾಭದಾಯಕ ಹುದ್ದೆ ಅಂತ ಶಾಸಕತ್ವ ಹೋಗಬಾರದು ಅಂತ 1956ರ ಅನರ್ಹತಾ ನಿವಾರಣಾ ಕಾಯ್ದೆಯಾಗ ಆ ಹುದ್ದೆಗಳ ಪಟ್ಟಿನ ಐತಿ. ನೀವು ಹಿಡಿದ ಮಂಡಳಿಯ ಅಧ್ಯಕ್ಷರು ಯಾವ ಕ್ಷೇತ್ರದ ಶಾಸಕರು ಅಂತ ಮೊದಲು ನೋಡಿಕೊಂಡು ಬ್ಯಾರೆಯವ್ರ ಹತ್ರ ಹೋಗ್ರಿ. ಆ ಕಾಯ್ದೆಯ ಪಟ್ಟಿಯಾಗ ಮಂಡಳಿ ಹೆಸರಿದ್ರ ಅದನ್ನೂ ತೆಗೀಬೇಕು ಅಂತ ನಿಮ್ಮ ಕರಡಿನ ತಿದ್ದುಪಡಿ ಭಾಗದಾಗ ಬರೀರಿ.

ಮೊದಲ ಅಧಿವೇಶನಕ್ಕ ಪ್ರಶ್ನೆ ಅಷ್ಟೇ ಕೇಳಿಸ್ರಿ, ಚುಕ್ಕೆ ಗುರುತಿನದಾಗಲಿ (ಸಚಿವರು ಸದನದಾಗ ಬಾಯಿಂದ ಉತ್ತರ ಕೊಡೋದು), ಇಲ್ಲದ್ದಾಗಲಿ (ಬರಹದಾಗ ಉತ್ತರ ಕೊಡೋದು). 'ಈ ಮಂಡಳಿ 5 ವರ್ಷದಾಗ ಎಷ್ಟು ಸಭೆ ಮಾಡೈತಿ, ಎಷ್ಟು ಖರ್ಚಾಗೈತಿ' ಅಂತ ಕೇಳಿದ್ರ ಸಚಿವರು ಸದನದಾಗ ಕೊಟ್ಟ ಉತ್ತರ ದಾಖಲೆ ಆಗ್ತೈತಿ, ನಿಮ್ಮ ಆರ್‌ಟಿಐಗಿಂತ ಅದಕ್ಕ ತೂಕ ಹೆಚ್ಚು. ಎರಡೂ ತಾಳೆ ಆಗದಿದ್ರ ಇನ್ನೂ ಚಲೋ. ಕಂಪನಿ ರೂಪದ ನಿಗಮ ಆಗಿದ್ರ ವಿಧಾನಮಂಡಲದ ಸಾರ್ವಜನಿಕ ಉದ್ಯಮಗಳ ಸಮಿತಿಗೆ, ಉಳಿದಿದ್ದಕ್ಕ ಅರ್ಜಿಗಳ ಸಮಿತಿಗೆ ಶಾಸಕರ ಮುಖಾಂತರ ಬರೀರಿ. ಖಾಸಗಿ ಸದಸ್ಯರ ಮಸೂದೆ, ಅಂದ್ರ ಮಂತ್ರಿ ಅಲ್ಲದ ಸದಸ್ಯರು ತರೋ ಮಸೂದೆ ಆಗಿ ತರಬಹುದು, ಅದು ಪಾಸಾಗೋದು ಅಪರೂಪ, ಸಂಚಿತ ನಿಧಿಯಿಂದ (ಸರ್ಕಾರದ ಮುಖ್ಯ ಖಜಾನೆ) ಖರ್ಚು ಬರೋ ಹಂಗಿದ್ರ ಸಂವಿಧಾನದ 207ನೇ ವಿಧಿ ಪ್ರಕಾರ ರಾಜ್ಯಪಾಲರ ಶಿಫಾರಸೂ ಬೇಕು. ಆದ್ರೂ ತಂದ್ರ ಲಾಭ ಐತಿ, ಸರ್ಕಾರ 'ನಾವೇ ತರ್ತೀವಿ, ವಾಪಸ್ ತಗೊಳ್ರಿ' ಅನ್ನೋ ಮಾತು ಕೊಡೋ ಸಾಧ್ಯತೆ ಇರ್ತೈತಿ, ಆ ಭರವಸೆನ ಸರ್ಕಾರಿ ಭರವಸೆಗಳ ಸಮಿತಿ ಬೆನ್ನು ಹತ್ತತೈತಿ.

ಸರ್ಕಾರನ ತಂದ್ರ ದಾರಿ ಹಿಂಗ: ಇಲಾಖೆ ಪ್ರಸ್ತಾವನೆ, ಹಣಕಾಸು ಇಲಾಖೆ, ಕಾನೂನು ಇಲಾಖೆ ಅಭಿಪ್ರಾಯ, ಸಂಪುಟ ಒಪ್ಪಿಗೆ, ಎರಡೂ ಸದನ, ರಾಜ್ಯಪಾಲರು, ಗೆಜೆಟ್. ಹೆಚ್ಚು ದಿನ ಫೈಲು ಕುಂತು ಬಿಡೋದು ಹಣಕಾಸು ಇಲಾಖೆ ಟೇಬಲ್ ಮ್ಯಾಲ, ಪಿಂಚಣಿ ಹೊಣೆ ಎಷ್ಟು ಅಂತ ಲೆಕ್ಕ ಸಿಗದ. ಅದಕ್ಕ ಆರ್‌ಟಿಐನಾಗ ಹುದ್ದೆಗಳ ವಿವರ ಕೇಳಾಕ ಹೇಳಿದ್ದು.

ಇದೆಲ್ಲಾ ಒಂದೊಂದಕ್ಕ ಬಡಿದಾಡೋ ಬದಲು ಹೊಸ ಮಂಡಳಿ ಮಾಡೋವಾಗನ ಅದಕ್ಕ ಆಯುಷ್ಯ ಬರೆದುಬಿಡೋ ಪದ್ಧತಿನೂ ಐತಿ. ಅಮೆರಿಕದ ಕೊಲೊರಾಡೊ ರಾಜ್ಯ 1976ರಾಗ ಇದನ್ನ ಮೊದಲು ಕಾಯ್ದೆ ಮಾಡಿತು, 1977ರಾಗ ಟೆಕ್ಸಾಸ್ ಮಾಡಿತು, ಅಲ್ಲಿ ಸಾಮಾನ್ಯವಾಗಿ 12 ವರ್ಷಕ್ಕೊಮ್ಮೆ ಸಂಸ್ಥೆ ಬೇಕೋ ಬ್ಯಾಡೋ ಅಂತ ವಿಚಾರಣೆ ಆಗ್ತೈತಿ, ಶಾಸನಸಭೆ ಮುಂದುವರಿಸದಿದ್ರ ತಾನಾಗೇ ಮುಗಿತೈತಿ. ನಮ್ಮಲ್ಲೂ ಪ್ರತಿ ಹೊಸ ಮಂಡಳಿ ಮಸೂದೆ ಚರ್ಚೆಗೆ ಬಂದಾಗ ಇಂಥಾ ಒಂದು ಕಲಂ ಸೇರಿಸ್ರಿ ಅಂತ ಶಾಸಕರಿಗೆ ತಿದ್ದುಪಡಿ ಕೊಡಿಸಬಹುದು. ದುರ್ಬಲರ ಹಕ್ಕು ಕಾಯೋ ಆಯೋಗಗಳನ್ನ ಮಾತ್ರ ಇದರಿಂದ ಹೊರಗ ಇಡಬೇಕು ಅನ್ನೋದು ನನ್ನ ಖಚಿತ ಅಭಿಪ್ರಾಯ.

ಗೆಜೆಟ್ ಆದ ಮ್ಯಾಲ

ಗೆಜೆಟ್ ಬಂತು ಅಂತ ಪೇಢೆ ಹಂಚಿ ಸುಮ್ನ ಆಗಬ್ಯಾಡ್ರಿ. ಆರು ತಿಂಗಳ ನಂತರ ಉತ್ತರಾಧಿಕಾರಿ ಇಲಾಖೆಗೆ ಇನ್ನೊಂದು ಆರ್‌ಟಿಐ ಹಾಕ್ರಿ: ಬ್ಯಾಂಕ್ ಖಾತೆಗಳು ಬಂದ್ ಆಗ್ಯಾವೋ, ಠೇವಣಿ ಖಜಾನೆಗೆ ಬಂದೈತೋ, ಗಾಡಿ ಯಾರ ಹೆಸರಿಗೆ ಹೋಯ್ತು, ಬಾಡಿಗಿ ಕಟ್ಟಡ ಬಿಟ್ಟಾರೋ, ಕೊನೀ ಲೆಕ್ಕ ಪರಿಶೋಧನೆ ಆಗೈತೋ.

ಸಾಲ ಕೊಡೋ ಸಂಸ್ಥೆ ಆಗಿದ್ರ ರೈತರ ಪಹಣಿ ಮರೀಬ್ಯಾಡ್ರಿ. ಸಾಲ ತಗೊಂಡಾಗ 11ನೇ ಕಾಲಂನಾಗ ಬೋಜಾ ಕೂಡಿಸಿರ್ತಾರ, ಸಾಲ ತೀರಿಸಿದ ಮ್ಯಾಲ ಸಂಸ್ಥೆ ಬೇಬಾಕಿ ಪತ್ರ ಕೊಟ್ರನ ಅದು ಇಳೀತೈತಿ. ಸಂಸ್ಥೆನ ಹೋದ ಮ್ಯಾಲ ಆ ಪತ್ರ ಯಾರು ಕೊಡಬೇಕು ಅಂತ ತಹಶೀಲ್ದಾರ್ ಆಫೀಸಿಗೂ ಗೊತ್ತಿರಂಗಿಲ್ಲ, ರೈತ ಬ್ಯಾಂಕಿನಾಗ ಬೆಳೆಸಾಲ ಕೇಳಾಕ ಹೋದಾಗ ಹಳೇ ಬೋಜಾ ತೋರಿಸಿ ವಾಪಸ್ ಕಳಿಸ್ತಾರ. ಮುಚ್ಚೋ ದಿನದೊಳಗ ಸಾಲ ತೀರಿಸಿದ ಎಲ್ಲಾರ ಪಟ್ಟಿ ಮಾಡಿ ಬೇಬಾಕಿ ಪತ್ರ ಒಟ್ಟಿಗೆ ತಾಲೂಕು ಕಚೇರಿಗೆ ಕಳಿಸಬೇಕು, ಉಳಿದವ್ರಿಗೆ ಸಹಿ ಹಾಕೋ ಅಧಿಕಾರಿ ಯಾರು ಅಂತ ಹುದ್ದೆ ಹೆಸರು ಹಾಕಿ ಆದೇಶ ಹೊರಡಿಸಬೇಕು. ಆ ಆದೇಶದ ಪ್ರತಿ ನಾಡಕಚೇರಿ, ಗ್ರಾಮ ಪಂಚಾಯ್ತಿ ನೋಟಿಸ್ ಬೋರ್ಡಿಗೆ ಹಚ್ಚೋ ತನಕ ಬೆನ್ನು ಬಿಡಬ್ಯಾಡ್ರಿ.